ತಡವಾಗಿ ತಲುಪುವ ನೋವು

ಕಳೆದ ಆಷಾಢದ ಒಂದು ಭಾನುವಾರ ಮಧ್ಯಾಹ್ನ, ಹೂಕುಂಡಗಳಿಗೊಂದು ಸ್ಟ್ಯಾಂಡ್ ಮಾಡೋಣವೆಂದು ಮನೆಯ ಕಾರು ಷೆಡ್ಡಿನಲ್ಲಿ ವೆಲ್ಡಿಂಗ್ ಮೆಷೀನು ಇಟ್ಟುಕೊಂಡು ಕುಳಿತೆ. ಮೈಸೂರಿನ ಜಿಟಿಜಿಟಿ ಮಳೆ. ಎರಚಲು ಒಳಕ್ಕೆ ಬಡಿಯುತ್ತದೆಂದು ಷಟರನ್ನು ಮುಕ್ಕಾಲು ಪಾಲು ಎಳೆದುಬಿಟ್ಟಿದ್ದೆ. ಕಬ್ಬಿಣ ಕೊಂಡು ತರುವ ಅಗತ್ಯವೇ ಇರಲಿಲ್ಲ. ಹಿಂದಿನ ವರ್ಷ ನೀರಿನ ಲೈನು ಬದಲಿಸಿದಾಗ ಉಳಿದಿದ್ದ, ಸತುವಿನ ಲೇಪದ ಜಿಐ ಪೈಪಿನ ತುಂಡುಗಳು ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದವು, ಅವನ್ನು ನೋಡಿದಾಗಲೆಲ್ಲ ನನ್ನೊಳಗಿನ ಮಿತವ್ಯಯಿಗೆ ಸಂಕಟವಾಗುತ್ತಿತ್ತು. ಹನ್ನೆರಡು ಜೋಡಣೆಗಳು, ಎರಡೂವರೆ ಗಂಟೆಯ ಕೆಲಸ. ರಾಡು ತಾಗಿಸಿದ ಕಡೆಯಲ್ಲೆಲ್ಲ ದಟ್ಟವಾದ ಬಿಳಿ ಹೊಗೆ ಎದ್ದಿತು. ಬೆಸುಗೆಯ ಅಂಚಿನಲ್ಲಿ ಹಳದಿಯ ಒಂದು ಉಂಗುರ ಮೂಡಿ, ನೋಡನೋಡುತ್ತಿದ್ದಂತೆ ಆರಿ ಬೆಳ್ಳಗಾಗುತ್ತಿತ್ತು. ಕೆಲಸ ಮುಗಿಯುವ ಹೊತ್ತಿಗೆ ಕಪಾಟಿನ ಮೇಲೆ, ಸೈಕಲ್ಲಿನ ಸೀಟಿನ ಮೇಲೆ, ನನ್ನ ತೋಳಿನ ರೋಮಗಳ ಮೇಲೆ ಹಿಂಜಿದ ಹತ್ತಿಯಂಥ ಹಗುರವಾದ ಬಿಳಿಯ ಎಳೆಗಳು ಕುಳಿತಿದ್ದವು.

ನಾನು ಮೂವತ್ತು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿರುವವನು. ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆಯ ದಿನ ಒಣ ಪ್ರನಾಳದ ತಳವನ್ನು ತೋರಿಸಿ, 'ಬಿಸಿಯಿದ್ದಾಗ ಹಳದಿ, ಆರಿದಾಗ ಬಿಳಿ, ಹಾಗಾದರೆ ಏನಿರಬೇಕು?' ಎಂದು ಎಷ್ಟು ಬ್ಯಾಚುಗಳನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಸತು ಎಂದು ಹಿಂದಿನ ಬೆಂಚಿನವರೂ ಹೇಳುತ್ತಾರೆ. ಹತ್ತಿಯಂಥ ಆ ಎಳೆಗಳಿಗೆ ಹಳೆಯ ಪಠ್ಯಪುಸ್ತಕಗಳಲ್ಲಿ 'ಫಿಲಾಸಫರ್ಸ್ ವೂಲ್' ಎಂಬ ಹೆಸರಿದೆಯೆಂದೂ, ಅದು ಸತುವಿನ ಆಕ್ಸೈಡೇ ಎಂದೂ ನನಗೆ ಗೊತ್ತಿತ್ತು. ಷೆಡ್ಡಿನಲ್ಲಿ ಕುಳಿತು ಆ ಹಳದಿಯುಂಗುರವನ್ನು ಕಂಡಾಗ ಪಾಠ ನೆನಪಾಗಿ ಖುಷಿಯೂ ಆಯಿತು. ಆದರೆ ಆ ಉಂಗುರದಿಂದ ಎದ್ದ ಹೊಗೆ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆ ಮಾತ್ರ ಏಳಲಿಲ್ಲ. ಈ ಬರಹ ಹುಟ್ಟಿದ್ದು ಆ ಮರೆವಿನ ಬಗೆಗಿನ ಕಿರಿಕಿರಿಯಿಂದ.

ಸಂಜೆಯ ಕಾಫಿ ನಾಣ್ಯವನ್ನು ಬಾಯಲ್ಲಿಟ್ಟು ಚೀಪಿದ ಹಾಗೆ ಇತ್ತು. ಡಿಕಾಕ್ಷನ್ ಹಳತಾಗಿದೆಯೆಂದು ಗೊಣಗಿ ಬೈಸಿಕೊಂಡೆ. ಗಂಟಲಲ್ಲಿ ಒಣ ಕೆರೆತ. ರಾತ್ರಿ ಒಂಬತ್ತರ ಹೊತ್ತಿಗೆ ಚಳಿ ಹಿಡಿಯಿತು. ಸಾಧಾರಣ ಚಳಿಯಲ್ಲ, ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುವ, ಮಂಚ ಅಲುಗುವ ಚಳಿ. ಥರ್ಮಾಮೀಟರು 102 ತೋರಿಸಿತು. 'ರೀ, ಡೆಂಗಿನೇ ಇದು, ಪಕ್ಕದ ಬೀದೀಲಿ ಮೂರು ಜನಕ್ಕೆ ಬಂದಿದೆ' ಎಂದು ಹೆಂಡತಿ ಬೆಳಗಾಗುವುದನ್ನೇ ಕಾದಳು. ಸೋಮವಾರ ಹತ್ತಿರದ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟದ್ದಾಯಿತು. ಪ್ಲೇಟ್‌ಲೆಟ್ ಸರಿಯಾಗಿದ್ದವು, ಬಿಳಿ ರಕ್ತಕಣ ಮಾತ್ರ ಏರಿತ್ತು. ಎಲ್ಲಿಗಾದರೂ ಪ್ರಯಾಣ ಹೋಗಿದ್ದಿರಾ, ಹೊರಗೆ ಏನಾದರೂ ತಿಂದಿರಾ ಎಂದು ವೈದ್ಯರು ಕೇಳಿದರು. ನಿನ್ನೆ ಏನು ಕೆಲಸ ಮಾಡಿದಿರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೇಷ್ಟರ ಕೆಲಸವನ್ನು ಕೇಳಿ ಯಾರಿಗೆ ತಾನೇ ಲೋಹದ ಹೊಗೆ ನೆನಪಾಗಬೇಕು? ಮಂಗಳವಾರ ಬೆಳಿಗ್ಗೆ ಏಳುವಾಗ ಜ್ವರ ಬಂದಿತ್ತೆಂಬುದೇ ಸುಳ್ಳೆನ್ನುವಷ್ಟು ಹಗುರಾಗಿದ್ದೆ.

ಒಂದು ವಾರದ ಮೇಲೆ, ರಾಡು ಕೊಳ್ಳಲು ಹೋದಾಗ, ನನಗೆ ವೆಲ್ಡಿಂಗಿನ ಅಕ್ಷರಾಭ್ಯಾಸ ಮಾಡಿಸಿದ ಮೇಸ್ತ್ರಿಗಳ ಅಂಗಡಿಯಲ್ಲಿ ಮಾತಿಗೆ ಮಾತು ಬಂದು ಈ ಜ್ವರದ ಕಥೆ ಹೇಳಿದೆ. ಅವರು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು ನಕ್ಕರು. 'ಜಿಐ ಸುಟ್ರಾ ಸಾರ್? ಬಾಗಿಲು ಹಾಕ್ಕೊಂಡು? ಅದು ಹಂಗೇ. ರಾತ್ರಿ ಚಳಿ ಬಂದು ಮಾರನೇ ದಿನ ಬಿಡ್ತದೆ. ಒಂದು ಲೋಟ ಹಾಲು ಕುಡ್ಕೊಂಡು ಕೂರ್ಬೇಕಿತ್ತು.' ವೈದ್ಯರಿಗೂ ರಸಾಯನಶಾಸ್ತ್ರದ ಮೇಷ್ಟರಿಗೂ ಹೊಳೆಯದ ರೋಗನಿದಾನವನ್ನು ಎಂಟನೆಯ ತರಗತಿಗೆ ಶಾಲೆ ಬಿಟ್ಟವರು ನಿಂತ ನಿಲುವಿನಲ್ಲಿ ಮಾಡಿದರು. ಹಾಲಿನ ವಿಷಯದಲ್ಲಿ ಮಾತ್ರ ಅವರು ಹೇಳಿದ್ದು ಸರಿಯಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಸತುವಿನ ಜ್ವರ

ಸತು ಕರಗುವುದು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯುವುದು 907ರಲ್ಲಿ. ಕಬ್ಬಿಣ ಕರಗಬೇಕಾದರೆ 1,538 ಡಿಗ್ರಿ ಬೇಕು. ಅಂದರೆ ಜಿಐ ಪೈಪಿನ ಮೇಲೆ ಬೆಸುಗೆ ಹಾಕಲು ಹೊರಟವನು, ಕಬ್ಬಿಣ ಕರಗುವುದಕ್ಕೆ ಬಹಳ ಮೊದಲೇ ಅದರ ಮೇಲಿನ ಸತುವಿನ ಲೇಪವನ್ನು ಕುದಿಸಿ ಆವಿ ಮಾಡಿಯೇ ತೀರುತ್ತಾನೆ. ಆ ಆವಿ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಅತಿ ಸೂಕ್ಷ್ಮವಾದ ಆಕ್ಸೈಡ್ ಕಣಗಳಾಗುತ್ತದೆ, ಕಣಗಳು ಶ್ವಾಸಕೋಶದ ತುದಿಯವರೆಗೂ ಹೋಗುತ್ತವೆ. ದೇಹವು ಸೋಂಕು ತಗಲಿತೆಂದು ಭಾವಿಸಿ ದಂಡೆತ್ತಿ ಹೊರಡುತ್ತದೆ, ಜ್ವರವೆಂದರೆ ಆ ದಂಡಯಾತ್ರೆ. ನಾಲ್ಕರಿಂದ ಹತ್ತು ಗಂಟೆ ತಡೆದು ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ತಾನಾಗಿಯೇ ಶಮನ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಿತ್ತಾಳೆ ಎರಕ ಹೊಯ್ಯುವವರಿಗೆ ಇದು ಮಾಮೂಲಿನ ಕಾಯಿಲೆಯಾಗಿತ್ತು. ಹಿತ್ತಾಳೆಯೆಂದರೆ ತಾಮ್ರದೊಳಗೆ ಸತು ತಾನೆ. ಈ ಜ್ವರಕ್ಕೆ 'ಸೋಮವಾರದ ಜ್ವರ' ಎಂಬ ಅಡ್ಡಹೆಸರೂ ಉಂಟು. ವಾರವಿಡೀ ಹೊಗೆ ಕುಡಿಯುವವನ ದೇಹ ಕೆಲವೇ ದಿನಗಳಲ್ಲಿ ಅದಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ಭಾನುವಾರದ ರಜೆಯಲ್ಲಿ ಆ ಒಗ್ಗಿಕೆ ಕಳೆದು, ಸೋಮವಾರ ಕೆಲಸಕ್ಕೆ ಮರಳಿದ ರಾತ್ರಿ ಮತ್ತೆ ಚಳಿ. ನನ್ನಂಥ ಹವ್ಯಾಸಿಗೆ ವಾರದಲ್ಲಿ ಆರು ದಿನವೂ ರಜೆಯೇ ಆದ್ದರಿಂದ ಪ್ರತಿ ಭಾನುವಾರವೂ ಸೋಮವಾರವೇ.

ಹಾಲಿನ ವಿಚಾರ. ವೆಲ್ಡಿಂಗ್ ಅಂಗಡಿಗಳಲ್ಲಿ ಹಾಲು, ಬಾಳೆಹಣ್ಣು, ಧೂಳಿನ ಕಾರ್ಖಾನೆಗಳಲ್ಲಿ ಒಂದು ಅಚ್ಚು ಬೆಲ್ಲ, ಇವನ್ನು ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಹಿಂದೆ ಅದರಲ್ಲೊಂದು ಅಂತಃಕರಣವಿದ್ದೀತು. ಹಸಿದ ಹೊಟ್ಟೆಗೆ ಒಂದು ಲೋಟ ಹಾಲು ಯಾವತ್ತೂ ಕೇಡಲ್ಲ. ಆದರೆ ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಎರಡರ ದಾರಿಯೂ ಗಂಟಲಿನಲ್ಲೇ ಬೇರೆಯಾಗುತ್ತದೆ. ಹಾಲು ಕುಡಿದವನಿಗೂ ಜ್ವರ ಮಾರನೆಯ ದಿನವೇ ಬಿಡುತ್ತದೆ, ಕುಡಿಯದವನಿಗೂ ಮಾರನೆಯ ದಿನವೇ ಬಿಡುತ್ತದೆ, ಕೀರ್ತಿ ಮಾತ್ರ ಹಾಲಿಗೆ. ನನಗೆ ಅಸಮಾಧಾನವಿರುವುದು ಹಾಲಿನ ಬಗ್ಗೆಯಲ್ಲ, ಹಾಲು ಕುಡಿದಾಯಿತಲ್ಲ ಎಂದು ಕಿಟಕಿ ತೆರೆಯದೆ ಬಿಡುವ ನಿಶ್ಚಿಂತೆಯ ಬಗ್ಗೆ.

ಸತುವಿನ ಜ್ವರವೊಂದರಿಂದಲೇ ಯಾರೂ ಸಾಮಾನ್ಯವಾಗಿ ಸಾಯುವುದಿಲ್ಲ. ಹಾಗಿದ್ದರೂ ಅದು ನನ್ನನ್ನು ಇಷ್ಟು ಕಾಡಿದ್ದೇಕೆಂದರೆ, ಬೆಂಕಿ ತಾಗಿದ ಬೆರಳು ಆ ಕ್ಷಣದಲ್ಲೇ ಹಿಂದಕ್ಕೆ ಬರುತ್ತದೆ, ಮತ್ತೊಮ್ಮೆ ಅಲ್ಲಿಗೆ ಹೋಗುವ ಮೊದಲು ಯೋಚಿಸುತ್ತದೆ. ಕೈ ತನ್ನ ಪಾಠವನ್ನು ತಾನೇ ಕಲಿಯುತ್ತದೆ. ಕಾದ ತುಂಡನ್ನು ಬರಿಗೈಯಲ್ಲಿ ಮುಟ್ಟುವ ತಪ್ಪನ್ನು ನಾನು ಮೂರು ಸಲ ಮಾಡಿದ್ದೇನೆ, ನಾಲ್ಕನೆಯ ಸಲ ಮಾಡಿಲ್ಲ. ಶ್ವಾಸಕೋಶಕ್ಕೆ ಆ ಅನುಕೂಲವಿಲ್ಲ. ಮಧ್ಯಾಹ್ನ ಮೂರರ ತಪ್ಪಿಗೆ ರಾತ್ರಿ ಒಂಬತ್ತಕ್ಕೆ ಶಿಕ್ಷೆಯಾದರೆ, ಆ ಎರಡರ ನಡುವೆ ಸಂಜೆಯ ಕಾಫಿ, ಪಕ್ಕದ ಬೀದಿಯ ಡೆಂಗಿ, ಹೋಟೆಲಿನ ದೋಸೆ ಎಲ್ಲವೂ ಬಂದು ನಿಂತು, ಅಪರಾಧಿ ಗುಂಪಿನಲ್ಲಿ ತಪ್ಪಿಸಿಕೊಳ್ಳುತ್ತಾನೆ. ಲೋಹದ ಕೆಲಸದ ಅಪಾಯಗಳನ್ನು ಒಂದೊಂದಾಗಿ ಓದುತ್ತ ಹೋದಂತೆ, ದೊಡ್ಡವುಗಳಲ್ಲಿ ಬಹುಪಾಲು ಹೀಗೆ ತಡವಾಗಿ ಬರುವವೇ ಎಂಬುದು ಕಾಣಿಸಿತು.

ಕಣ್ಣನ್ನೇ ನೋಡಿ. ವೆಲ್ಡಿಂಗ್ ರಾಡಿನ ತುದಿಯಲ್ಲಿ ಏಳುವ ಆರ್ಕಿನ ನೇರಳಾತೀತ ಬೆಳಕು ಕಣ್ಣಿನ ಮೇಲ್ಪದರವನ್ನು ಸುಡುವಾಗ ಏನೂ ಗೊತ್ತಾಗುವುದಿಲ್ಲ. 'ಒಂದೇ ಒಂದು ಟ್ಯಾಕು, ಚುಕ್ಕೆಯಷ್ಟು ಬೆಸುಗೆ, ಕಣ್ಣು ಮುಚ್ಚಿ ಹೊಡೆದುಬಿಡೋಣ' ಎಂದು ಶೀಲ್ಡು ಬದಿಗಿಟ್ಟವನಿಗೆ ಅದರ ಫಲ ಆರೇಳು ಗಂಟೆಯ ಮೇಲೆ, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದು ಉಜ್ಜಿದ ಹಾಗೆ ಬರುತ್ತದೆ. ಒಂದೆರಡು ದಿನದಲ್ಲಿ ಅದೂ ವಾಸಿಯಾಗುತ್ತದೆ, ಆದ್ದರಿಂದ ಕಣ್ಣಿನ ಮೇಲಿಟ್ಟುಕೊಳ್ಳುವ ಆಲೂಗಡ್ಡೆ ಹೋಳಿಗೂ ಹಾಲಿನಂಥದ್ದೇ ಕೀರ್ತಿ ಬಂದಿದೆ. ನೋವು ತಾಳಲಾರದೆ ಮರಗಟ್ಟಿಸುವ ಹನಿಗಳನ್ನು ಮನೆಗೆ ತಂದು ಪದೇ ಪದೇ ಹಾಕಿಕೊಳ್ಳುವುದು ಮಾತ್ರ ನಿಜಕ್ಕೂ ಅಪಾಯ, ಅದು ಗಾಯ ಮಾಯುವುದನ್ನೇ ತಡೆಯುತ್ತದೆ. ಇನ್ನೂ ವಿಚಿತ್ರವಾದ ತಡವೊಂದಿದೆ. ಎಂಆರ್‌ಐ ಮಾಡಿಸಲು ಹೋದವರಿಗೆ ಕೊಡುವ ಫಾರಂನಲ್ಲಿ, ಎಂದಾದರೂ ಕಣ್ಣಿಗೆ ಲೋಹದ ಚೂರು ಸಿಡಿದಿತ್ತೇ ಎಂಬ ಪ್ರಶ್ನೆಯಿರುತ್ತದೆ. ಯಾವುದೋ ಕಾಲದಲ್ಲಿ ಉಳಿಗೆ ಸುತ್ತಿಗೆ ಬಡಿಯುವಾಗ ಹಾರಿ ಕಣ್ಣಿನೊಳಗೆ ಕುಳಿತ ಕಬ್ಬಿಣದ ಕಣ, ವರ್ಷಗಳ ಮೇಲೆ ಆ ಆಯಸ್ಕಾಂತದೊಳಗೆ ಮಲಗಿದಾಗ ಅಲುಗಬಹುದು. ಮುನ್ನೂರು ರೂಪಾಯಿಯೂ ಆಗದ ಕನ್ನಡಕವನ್ನು ಆಗ ಹಾಕಿಕೊಳ್ಳಲಿಲ್ಲವೆಂಬುದನ್ನು ನೆನಪಿಸುವ ಪ್ರಶ್ನೆಯದು.

ಅಕ್ಕಸಾಲಿಯ ಉಸಿರು

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ ಅಕ್ಕಸಾಲಿ ಅಜ್ಜನೊಬ್ಬರು ಕೂರುತ್ತಿದ್ದರು. ಅಮ್ಮನ ಸರದ ಕೊಂಡಿ ಬಿಟ್ಟುಹೋದಾಗ ನನ್ನನ್ನೂ ಜೊತೆಗೆ ಕರೆದೊಯ್ದಿದ್ದಳು. ಕೊಟ್ಟ ಚಿನ್ನ ಕಣ್ಣಮುಂದೆಯೇ ಇರಬೇಕೆಂಬ ಪದ್ಧತಿಯಂತೆ ಕೆಲಸ ಮುಗಿಯುವವರೆಗೂ ನಾವು ಅಲ್ಲೇ ಕುಳಿತೆವು. ಅಜ್ಜ ಕೊಂಡಿಯನ್ನು ಇದ್ದಿಲಿನ ತುಂಡಿನ ಮೇಲಿಟ್ಟು, ಬಿಳಿಗಾರವನ್ನು ಕಲ್ಲಿನ ಮೇಲೆ ನೀರು ಹನಿಸಿ ತೇದು ಹಚ್ಚಿ, ಸಾಸಿವೆಗಿಂತ ಸಣ್ಣದಾದ ಬೆಸುಗೆಯ ಚೂರನ್ನು ಚಿಮುಟದ ತುದಿಯಿಂದ ಕೂರಿಸಿದರು. ಆಮೇಲೆ ಊದುಗೊಳವೆಯನ್ನು ತುಟಿಗಿಟ್ಟು ದೀಪದ ಉರಿಯನ್ನು ಬಾಗಿಸಿದರು. ಉರಿ ಸೂಜಿಯಂತೆ ಮಲಗಿ ಕೊಂಡಿಯನ್ನು ಮುಟ್ಟಿತು. ಬಿಳಿಗಾರ ಹುರಿದ ಹಪ್ಪಳದಂತೆ ಉಬ್ಬಿ, ಗಾಜಾಗಿ ಇಳಿದು, ಚೂರು ಫಕ್ಕನೆ ಹೊಳೆದು ಸಂದಿನೊಳಗೆ ಹರಿದುಹೋಯಿತು. ನನಗೆ ಬೆರಗಾದದ್ದು ಅದಲ್ಲ. ಅವರ ಕೆನ್ನೆ ಉಬ್ಬಿದ್ದು ಇಳಿಯಲೇ ಇಲ್ಲ. ಕೆನ್ನೆಯಲ್ಲಿದ್ದ ಗಾಳಿಯನ್ನು ಊದುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಿದ್ದರು, ಒಂದು ಕ್ಷಣವೂ ಉರಿ ನಡುಗದ ಹಾಗೆ. ಮನೆಗೆ ಬಂದು ಎಷ್ಟೋ ದಿನ ಪಪ್ಪಾಯಿ ಎಲೆಯ ದಂಟಿನಲ್ಲಿ ಅದನ್ನು ಅಭ್ಯಾಸ ಮಾಡಿ ಸೋತಿದ್ದೇನೆ.

ಈಗ ಆ ದೃಶ್ಯವನ್ನು ನೆನೆದರೆ ನನ್ನ ಕಣ್ಣು ಅವರ ಮೂಗಿನ ಮೇಲೆಯೇ ನಿಲ್ಲುತ್ತದೆ. ಉರಿಗೂ ಆ ಮೂಗಿಗೂ ಒಂದು ಗೇಣಿನ ಅಂತರ. ಕೆಲಸದ ನಿಪುಣತೆಯೇ ಆ ಜಾಗದ ಗಾಳಿಯನ್ನು ಎಡೆಬಿಡದೆ ಒಳಗೆಳೆದುಕೊಳ್ಳುವುದನ್ನು ಬೇಡುತ್ತಿತ್ತು. ಬೆಸುಗೆಯಲ್ಲಿ ಬೆಳ್ಳಿ, ತಾಮ್ರಗಳಷ್ಟೇ ಇದ್ದ ಕಾಲಕ್ಕೆ ಅದು ಹೇಗೋ ನಡೆಯಿತು. ಆಮೇಲೆ ಕೆಡಿಎಂ ಬಂತು. ಒಡವೆ ಕೊಳ್ಳಲು ಹೋದವರೆಲ್ಲ ಆ ಮೂರಕ್ಷರವನ್ನು ಶುದ್ಧತೆಯ ಮುದ್ರೆಯೆಂದು ಕೇಳಿ ತಂದವರೇ, ನಮ್ಮ ಮನೆಯಲ್ಲೂ ಇದೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ. ಚಿನ್ನಕ್ಕೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಸುಲಭವಾಗಿ ಹರಿಯುತ್ತದೆ, ಕ್ಯಾಡ್ಮಿಯಂ ಬಹುಪಾಲು ಆವಿಯಾಗಿ ಹೋಗುವುದರಿಂದ ಒಡವೆಯ ಚಿನ್ನದ ಪ್ರಮಾಣ ಅಷ್ಟಾಗಿ ಇಳಿಯುವುದಿಲ್ಲ. ಕೊಳ್ಳುವವರಿಗೆ ಇದು ಲಾಭ. ಆವಿಯಾಗಿ ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಆ ಒಂದು ಗೇಣಿನ ಅಂತರದಲ್ಲಿದೆ. 767 ಡಿಗ್ರಿಗೇ ಕುದಿಯುವ ಕ್ಯಾಡ್ಮಿಯಂನ ಹೊಗೆ ಉಸಿರಾಡುವಾಗ ಮೂಗನ್ನು ಅಷ್ಟಾಗಿ ಕೆರಳಿಸುವುದಿಲ್ಲ. ಗಂಟೆಗಳ ಮೇಲೆ ಬರುವ ಜ್ವರ, ಎದೆಬಿಗಿತ ಮೊದಮೊದಲು ಸತುವಿನ ಜ್ವರದ ಹಾಗೆಯೇ ಇರುತ್ತವೆ. ಆದರೆ ಇದು ಮಾರನೆಯ ದಿನ ಬಿಡುವ ಜ್ವರವಲ್ಲ. ಹೆಚ್ಚು ಪ್ರಮಾಣವಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಬರುತ್ತದೆ. ಸ್ವಲ್ಪಸ್ವಲ್ಪವಾಗಿ ಒಳಗೆ ಹೋದದ್ದು ಮೂತ್ರಪಿಂಡದಲ್ಲಿ ಕುಳಿತು, ಅದರ ಅರ್ಧದಷ್ಟು ಹೊರಬೀಳಲು ಹತ್ತರಿಂದ ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ. ಕ್ಯಾಡ್ಮಿಯಂ ಕ್ಯಾನ್ಸರುಕಾರಕವೆಂಬುದೂ ಇತ್ಯರ್ಥವಾದ ಸಂಗತಿ. ಹಾಲ್‌ಮಾರ್ಕಿನ ಒಡವೆಗಳಲ್ಲಿ ಈಗ ಅದಕ್ಕೆ ಅವಕಾಶವಿಲ್ಲ.

ಇದನ್ನು ಇಷ್ಟು ಹೇಳಿದ್ದು ಹವ್ಯಾಸಿಗಳಿಗೂ ಇದರಲ್ಲಿ ಪಾಲಿರುವುದರಿಂದ. ಬೆಳ್ಳಿ ಬೆಸುಗೆಯ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರುವ ತಳಿಯೂ ಇದೆ, ಇಲ್ಲದ ತಳಿಯೂ ಇದೆ. ಅಂಗಡಿಯವರು ಕಟ್ಟು ಬಿಚ್ಚಿ ಬಿಡಿಯಾಗಿ ಕೊಡುವಾಗ ಯಾವುದು ಯಾವುದೆಂದು ಬರೆದಿರುವುದಿಲ್ಲ. ಗುಜರಿ ಅಂಗಡಿಯಲ್ಲಿ ಸಿಗುವ, ಬಂಗಾರದ ಛಾಯೆಯ ಹಳೆಯ ಬೋಲ್ಟುಗಳ ಲೇಪದಲ್ಲಿ ಸತುವೂ ಇರಬಹುದು, ಕ್ಯಾಡ್ಮಿಯಮ್ಮೂ ಇರಬಹುದು, ಕಣ್ಣಳತೆಯಲ್ಲಿ ಭೇದ ತಿಳಿಯುವುದಿಲ್ಲ. ಅಂಥವನ್ನು ನಾನು ಈಗ ಕಾಯಿಸುವುದೂ ಇಲ್ಲ, ಉಜ್ಜುವುದೂ ಇಲ್ಲ. ಕಡ್ಡಿಯನ್ನು ಮೂಲ ಪ್ಯಾಕೆಟ್ಟಿನಲ್ಲಿ, ಕ್ಯಾಡ್ಮಿಯಂ ಇಲ್ಲವೆಂದು ಮುದ್ರಿಸಿದ್ದರೆ ಮಾತ್ರ ಕೊಳ್ಳುತ್ತೇನೆ. ದುಬಾರಿಯಾಗುತ್ತದೆ, ಬೆಳ್ಳಿಯಲ್ಲವೇ.

ಯಜಮಾನನೂ ನಾನೇ, ಆಳೂ ನಾನೇ

1948ರ ಕಾರ್ಖಾನೆ ಕಾಯ್ದೆಯ ಜೊತೆಗೆ ಒಂದು ಪಟ್ಟಿ ಬಂದಿತು: ಸೀಸದ ವಿಷ, ಮ್ಯಾಂಗನೀಸಿನ ವಿಷ, ಕ್ರೋಮಿಯಂ ಹುಣ್ಣು, ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಮುಂತಾದ, ಕಂಡಕೂಡಲೆ ಸರ್ಕಾರಕ್ಕೆ ತಿಳಿಸಬೇಕಾದ ಕಾಯಿಲೆಗಳು. ಆ ಕಾಯ್ದೆ ಎಷ್ಟರಮಟ್ಟಿಗೆ ಪಾಲನೆಯಾಯಿತೆಂಬುದು ಬೇರೆ ಮಾತು, ಕಾಗದದ ಮೇಲಾದರೂ ಪೀಣ್ಯದ ಕಾರ್ಮಿಕನ ಹಿಂದೆ ಒಬ್ಬ ಇನ್‌ಸ್ಪೆಕ್ಟರ್ ಇದ್ದ. ನನ್ನ ಷೆಡ್ಡಿಗೆ ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಯಜಮಾನನೂ ನಾನೇ, ಆಳೂ ನಾನೇ. ಯಜಮಾನನಿಗೆ ಕೆಲಸ ಬೇಗ ಮುಗಿಯಬೇಕು, ಆಳಿಗೆ ಹೆಲ್ಮೆಟ್ಟಿನೊಳಗೆ ಸೆಕೆ. ಇಬ್ಬರೂ ಒಪ್ಪಿಕೊಂಡರೆ ಕೇಳುವವರಾರು?

ಹವ್ಯಾಸಿಯ ಪ್ರಮಾಣ ಕಡಿಮೆಯೆಂಬುದು ನಿಜ, ಅದನ್ನು ಮುಚ್ಚಿಟ್ಟು ಹೆದರಿಸುವುದು ನನಗೆ ಇಷ್ಟವಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರುಕಾರಕವೆಂಬ ಮೊದಲನೆಯ ಗುಂಪಿಗೆ ಸೇರಿಸಿತು. 2019ರಲ್ಲಿ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತೆಯ ಇಲಾಖೆ, ಸಾಮಾನ್ಯ ಉಕ್ಕಿನ ವೆಲ್ಡಿಂಗಿಗೂ ಒಳಾಂಗಣದಲ್ಲಿ ಹೊಗೆ ಹೀರುವ ವ್ಯವಸ್ಥೆ ಬೇಕೆಂದು ಬಿಗಿಪಡಿಸಿತು. ವೆಲ್ಡರುಗಳಿಗೆ ನ್ಯುಮೋನಿಯಾದ ಲಸಿಕೆಯನ್ನೂ ಅಲ್ಲಿ ಶಿಫಾರಸು ಮಾಡುತ್ತಾರೆ, ಲೋಹದ ಹೊಗೆ ಕುಡಿದ ಶ್ವಾಸಕೋಶದಲ್ಲಿ ಆ ರೋಗಾಣು ಸುಲಭವಾಗಿ ನೆಲೆಯೂರುತ್ತದೆಂಬ ಕಾರಣಕ್ಕೆ. ಮ್ಯಾಂಗನೀಸಿನ ಕಥೆ ಇನ್ನೂ ಹಳೆಯದು: 1837ರಲ್ಲೇ ಸ್ಕಾಟ್ಲೆಂಡಿನ ಜಾನ್ ಕೂಪರ್ ಎಂಬ ವೈದ್ಯ, ಮ್ಯಾಂಗನೀಸಿನ ಅದಿರು ಅರೆಯುವವರ ಕಾಲು ಬಲಗುಂದಿ ನಡಿಗೆ ತಪ್ಪುವುದನ್ನು ಬರೆದಿಟ್ಟ. ಉಕ್ಕಿನಲ್ಲೂ ರಾಡಿನಲ್ಲೂ ಆ ಲೋಹ ಇದ್ದೇ ಇದೆ. ಇವೆಲ್ಲ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ದುಡಿಯುವವರ ದೇಹದ ಲೆಕ್ಕಗಳು. ತಿಂಗಳಿಗೆರಡು ಭಾನುವಾರ ಸ್ಟ್ಯಾಂಡು ಮಾಡುವವನು ಅವರ ಪಾಲನ್ನು ಹೊರುವುದಿಲ್ಲ. ಆದರೆ ವೃತ್ತಿಯವರು ಹೆಚ್ಚಾಗಿ ಫುಟ್‌ಪಾತಿನಲ್ಲಿ, ತೆರೆದ ತಗಡಿನ ಚಪ್ಪರದಡಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಮಾಡಿದ್ದು ಹತ್ತಡಿ ಇಪ್ಪತ್ತಡಿಯ ಮುಚ್ಚಿದ ಕೋಣೆಯಲ್ಲಿ, ಮನೆಗೆ ಹೋಗುವ ಬಾಗಿಲು ಅದೇ ಕೋಣೆಯೊಳಕ್ಕೆ ತೆರೆಯುತ್ತದೆ. ಕಾರ್ಖಾನೆಯಲ್ಲಿ ವಿಷ ಕಾರ್ಮಿಕನಿಗೆ. ಷೆಡ್ಡಿನಲ್ಲಿ ಅದು ಮನೆಯವರಿಗೂ ಹಂಚಿಕೆಯಾಗುತ್ತದೆ.

ಸೀಸದ ವಿಷಯದಲ್ಲಿ ಈ ಹಂಚಿಕೆ ಎಲ್ಲಕ್ಕಿಂತ ಕೆಟ್ಟದ್ದು. ಹಳೆಯ ಮನೆಯ ಗೇಟು, ಕಿಟಕಿ ಸರಳುಗಳನ್ನು ಗುಜರಿಯಿಂದ ತಂದು ಬಣ್ಣ ಕೆತ್ತಿ ಹೊಸತು ಮಾಡುವುದು ನನ್ನಂಥವರ ಅಚ್ಚುಮೆಚ್ಚಿನ ಕೆಲಸ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವೆಂದರೆ ಸೀಸವಿದೆಯೆಂದೇ ತಿಳಿದು ನಡೆಯುವುದು ಲೇಸು. ಅದರ ಮೇಲೆ ಲೋಹ ಉಜ್ಜುವ ಗ್ರೈಂಡರ್ ಆಡಿಸಿದರೆ ಸಿಹಿಯಾದ ಧೂಳು ಅಂಗಿಯ ಮೇಲೆ, ಕೂದಲಲ್ಲಿ ಕೂರುತ್ತದೆ. ಅದೇ ಅಂಗಿಯಲ್ಲಿ ಒಳಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡರೆ ಉಳಿದದ್ದನ್ನು ಅವಳ ಬೆರಳು ಬಾಯಿಗೆ ಒಯ್ಯುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ. ಆದ್ದರಿಂದ ಈಗ ಷೆಡ್ಡಿನ ಅಂಗಿ ಷೆಡ್ಡಿನ ಮೊಳೆಗೇ ತಗುಲಿಸಿರುತ್ತದೆ, ಮನೆಯ ಬಟ್ಟೆಯೊಂದಿಗೆ ವಾಷಿಂಗ್ ಮೆಷೀನಿಗೆ ಬೀಳುವುದಿಲ್ಲ. ಹಳೆಯ ಬಣ್ಣವನ್ನು ಒಣದಾಗಿ ಕೆರೆಯುವುದಿಲ್ಲ, ಸುಡುವುದಂತೂ ಇಲ್ಲ. ನೀರು ಹನಿಸಿ ಕೈಯಿಂದ ಉಜ್ಜಿ, ಕೆಸರನ್ನು ಹಳೆಯ ಪತ್ರಿಕೆಯಲ್ಲಿ ಒರೆಸಿ ತೆಗೆಯುತ್ತೇನೆ. ಪೊರಕೆಯಿಂದ ಗುಡಿಸುವುದೆಂದರೆ ನೆಲಕ್ಕೆ ಬಿದ್ದದ್ದನ್ನು ಮತ್ತೆ ಗಾಳಿಗೆ ಏರಿಸುವುದೇ, ಆದ್ದರಿಂದ ಒದ್ದೆ ಬಟ್ಟೆ. ಮೊದಲು ನಕ್ಕವಳು ಹೆಂಡತಿಯೇ: 'ಮನೆ ಒರೆಸಿ ಅಂದ್ರೆ ಸೊಂಟನೋವು, ಷೆಡ್ ಒರೆಸೋಕೆ ಮಾತ್ರ ಎಲ್ಲಿಂದ ಬಂತ್ರೀ ಶಕ್ತಿ?'

ಗಾಳಿ ಬೀಸುವ ದಿಕ್ಕು

ಮುಖಕ್ಕೆ ಏನು ಕಟ್ಟಿಕೊಳ್ಳಬೇಕೆಂಬ ಪ್ರಶ್ನೆಗಿಂತ ಮೊದಲು ಮುಖ ಎಲ್ಲಿರಬೇಕು ಎಂಬ ಪ್ರಶ್ನೆ ಬರುತ್ತದೆ. ನಮ್ಮವರ ರೂಢಿ ಕುಕ್ಕರಗಾಲಿನಲ್ಲಿ ಕುಳಿತು ನೆಲದ ಮೇಲಿನ ಕೆಲಸದತ್ತ ಬಗ್ಗುವುದು. ಬಿಸಿ ಹೊಗೆ ನೇರವಾಗಿ ಮೇಲಕ್ಕೇಳುತ್ತದೆ. ಬಗ್ಗಿದ ಹೆಲ್ಮೆಟ್ಟು ಅದನ್ನು ಕೊಡೆಯಂತೆ ಹಿಡಿದು ಒಳಗೆ ತುಂಬಿಕೊಳ್ಳುತ್ತದೆ. ನಾನು ಮಾಡಿಕೊಂಡ ದೊಡ್ಡ ಬದಲಾವಣೆಯೆಂದರೆ ಸೊಂಟದೆತ್ತರದ ಒಂದು ಕಬ್ಬಿಣದ ಮೇಜು, ಅದನ್ನು ಷಟರಿನ ಬಾಯಲ್ಲಿ ಇಟ್ಟಿದ್ದೇನೆ. ಹೊಗೆಯ ಕಂಬ ಎದುರಿಗೆ ಏಳುವಂತೆ, ಮುಖ ಅದರ ಪಕ್ಕದಲ್ಲಿರುವಂತೆ ನಿಲ್ಲುವುದನ್ನು ಹೊಸದಾಗಿ ಕಲಿತೆ. ಫ್ಯಾನನ್ನು ಬೆನ್ನ ಹಿಂದಿಟ್ಟರೆ ಹೊಗೆ ಮುಂದಕ್ಕೆ ಹೋದೀತೆಂದು ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಊದುಬತ್ತಿ ಹಚ್ಚಿಟ್ಟು ನೋಡಿದೆ: ಗಾಳಿ ಮೈಯನ್ನು ಸುತ್ತಿಕೊಂಡು ಹೋಗಿ ಎದೆಯ ಮುಂದೆ ಸುಳಿಯಾಗಿ, ಹೊಗೆಯನ್ನು ಮುಖಕ್ಕೇ ಎತ್ತಿ ತರುತ್ತದೆ. ಫ್ಯಾನು ಪಕ್ಕದಲ್ಲಿರಬೇಕು. ಹತ್ತು ರೂಪಾಯಿಯ ಊದುಬತ್ತಿ ಇಂಥ ಪರೀಕ್ಷೆಗೆ ಬಹಳ ಒಳ್ಳೆಯ ಉಪಕರಣ. ಮಳೆ ಬಂದರೆ? ಮಳೆ ಬಂದರೆ ಆ ದಿನ ವೆಲ್ಡಿಂಗ್ ಇಲ್ಲ, ಅರ ಹಿಡಿದು ಅಂಚು ಉಜ್ಜುವ ಕೆಲಸ ಯಾವಾಗಲೂ ಬಾಕಿಯಿರುತ್ತದೆ.

ಮಾಸ್ಕಿನ ಬಗ್ಗೆ ಕೋವಿಡ್ ಕಾಲದಲ್ಲಿ ನಾವೆಲ್ಲ ಪಂಡಿತರಾಗಿದ್ದೇವೆ. ಒದ್ದೆ ಟವೆಲ್ಲಿನ ನೆಯ್ಗೆಗೆ ಒಂದು ಮೈಕ್ರಾನಿಗಿಂತ ಸಣ್ಣದಾದ ಈ ಕಣಗಳು ಲೆಕ್ಕಕ್ಕಿಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಹಿಡಿಯುತ್ತದೆ, ಅದು ಚರ್ಮಕ್ಕೆ ಬಿಗಿಯಾಗಿ ಕೂತಾಗ ಮಾತ್ರ. ಇದಕ್ಕಾಗಿ ನಾನು ಇಪ್ಪತ್ತು ವರ್ಷದ ಗಡ್ಡವನ್ನು ತ್ಯಾಗ ಮಾಡಿದೆ. ಆದರೆ ಆ ಮಾಸ್ಕು ತಡೆಯುವುದು ಕಣವನ್ನು, ಅನಿಲವನ್ನಲ್ಲ. ಇದರಲ್ಲಿ ಒಂದು ವಿಷಯ ಹೇಳಲೇಬೇಕು. ಎಣ್ಣೆಜಿಡ್ಡು ತೆಗೆಯಲು ಸಿಗುವ ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರೀನುಳ್ಳ ದ್ರಾವಕಗಳಿರುತ್ತವೆ. ಅದು ಪೂರ್ತಿ ಆರುವ ಮೊದಲು ಆರ್ಕ್ ಹೊಡೆದರೆ, ಆ ಶಾಖಕ್ಕೂ ನೇರಳಾತೀತ ಬೆಳಕಿಗೂ ದ್ರಾವಕ ಒಡೆದು ಫಾಸ್ಜೀನ್ ಹುಟ್ಟುತ್ತದೆ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕೊಂದ ಅನಿಲ. ಅದೂ ತಡವಾಗಿಯೇ ಬರುವ ನೋವು: ಆ ಹೊತ್ತಿಗೆ ಒಂದಿಷ್ಟು ಕೆಮ್ಮು, ಒಂದು ದಿನ ಕಳೆಯುವುದರೊಳಗೆ ಉಸಿರೇ ಸಿಗದ ಸ್ಥಿತಿ. ನಾನು ಜಿಡ್ಡು ತೆಗೆಯುವುದು ಸೋಪುನೀರಿನಿಂದ, ಆಮೇಲೆ ಒರೆಸಿ ಬಿಸಿಲಿಗಿಟ್ಟು.

ಜಿಐ ಪೈಪಿನ ಲೇಪವನ್ನು ಉಜ್ಜಿ ತೆಗೆದು ಬೆಸುಗೆ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹೊರಮೈಯಲ್ಲಿ ಎರಡು ಮೂರು ಇಂಚು ಉಜ್ಜಬಹುದು. ಪೈಪಿನ ಒಳಮೈಗೂ ಅದೇ ಲೇಪವಿದೆ, ಅಲ್ಲಿಗೆ ಗ್ರೈಂಡರು ಹೋಗುವುದಿಲ್ಲ. ಆ್ಯಸಿಡ್ಡಿನಲ್ಲಿ ಅದ್ದಿದರೆ ಸತು ಕರಗಿ ಹೈಡ್ರೋಜನ್ ಏಳುತ್ತದೆ, ಕಿಡಿ ಹಾರುವ ಷೆಡ್ಡಿನಲ್ಲಿ ಅದು ಬೇಡದ ಅತಿಥಿ. ಸತುವಿನ ಲೇಪವಿಲ್ಲದ, ಸಾದಾ ಉಕ್ಕಿನ ಕಪ್ಪು ಎಂಎಸ್ ಪೈಪು ಕೊಂಡುಬಿಡುವುದೇ ಸಲೀಸು, ನನ್ನ ಮಿತವ್ಯಯದಿಂದ ಉಳಿದ ದುಡ್ಡು ಆ ರಕ್ತಪರೀಕ್ಷೆಗೂ ಸಾಲಲಿಲ್ಲ. ಎರಕದ ವಿಷಯದಲ್ಲಂತೂ ನಾನು ಹೇಡಿ. ಅಚ್ಚಿನಲ್ಲಿ ಒಂದು ಹನಿ ನೀರು ಸಿಕ್ಕಿಕೊಂಡಿದ್ದರೂ ಅದು ಉಗಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ ಕರಗಿದ ಲೋಹವನ್ನು ಮೇಲಕ್ಕೆ ಉಗುಳುತ್ತದೆ. ಬೀದರಿನ ಬಿದ್ರಿ ಕೆಲಸದವರು ಹೆಚ್ಚುಕಡಿಮೆ ಪೂರಾ ಸತುವೇ ಆದ ಲೋಹವನ್ನು ಮಣ್ಣಿನಚ್ಚಿಗೆ ಹೊಯ್ಯುತ್ತಾರೆ. ಕರಗುವ ಬಿಂದುವಿಗೂ ಕುದಿಯುವ ಬಿಂದುವಿಗೂ ನಡುವಿನ ಹದವನ್ನು ತಲೆಮಾರುಗಳಿಂದ ಬಲ್ಲ ಕೈಗಳವು. ನನ್ನ ಕೈಗೆ ಆ ವಯಸ್ಸಾಗಿಲ್ಲ.

ತಡಮಾಡದೆ ಬರುವುದು

ಗ್ರೈಂಡರು ಮಾತ್ರ ಈ ಎಲ್ಲದಕ್ಕೂ ಅಪವಾದ, ಅದು ಸಾಲ ಇಟ್ಟುಕೊಳ್ಳುವುದಿಲ್ಲ. ನಾಲ್ಕಿಂಚಿನ ಕಟಿಂಗ್ ವೀಲಿನ ಮೇಲೆ ಸೆಕೆಂಡಿಗೆ 80 ಮೀಟರ್ ಎಂಬ ಗರಿಷ್ಠ ವೇಗ ಅಚ್ಚಾಗಿರುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ 288 ಕಿಲೋಮೀಟರು. ಅದು ಒಡೆದಾಗ ಚೂರು ಹೆಚ್ಚುಕಡಿಮೆ ಆ ಅಂಚಿನ ವೇಗದಲ್ಲೇ ಬರುತ್ತದೆ. ಗಾರ್ಡು ತೆಗೆದು ಐದಿಂಚಿನ ವೀಲು ತುರುಕುವುದು, ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕುವುದು, ಕಟಿಂಗ್ ವೀಲಿನ ಪಕ್ಕದಿಂದ ಉಜ್ಜುವುದು, ಇವನ್ನೆಲ್ಲ ಹವಾಯಿ ಚಪ್ಪಲಿ ಹಾಕಿಕೊಂಡು ಕಲಿಸುವ ವಿಡಿಯೋಗಳಿಗೆ ಲಕ್ಷಾಂತರ ಜನ ಮೆಚ್ಚುಗೆ ಒತ್ತಿದ್ದಾರೆ. ವೀಲಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಕೊರೆದಿರುತ್ತದೆ, ಅದು ಆ ವೀಲಿನ ಆಯುಸ್ಸು. ಕಣಗಳನ್ನು ಹಿಡಿದಿರುವ ಅಂಟು ಹಳತಾಗುತ್ತದೆ. ನನ್ನ ಡಬ್ಬಿಯಲ್ಲಿದ್ದ ಹದಿನಾಲ್ಕರಲ್ಲಿ ಒಂಬತ್ತು ಅವಧಿ ಮೀರಿದ್ದವು.

ನಮ್ಮ ಮೈಮೇಲಿನ ದಾರಗಳ ಬಗ್ಗೆ ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ. ದೇವಸ್ಥಾನದಲ್ಲಿ ಮುಂಗೈಗೆ ಕಟ್ಟಿದ ಕೆಂಪು ದಾರ, ಜನಿವಾರ, ಕುತ್ತಿಗೆಯ ಸರ, ಬೆರಳಿನ ಹರಳಿನ ಉಂಗುರ: ಡ್ರಿಲ್ಲಿನ ಅಥವಾ ಲೇತಿನ ತಿರುಗುವ ತುದಿಗೆ ಇವುಗಳಲ್ಲೊಂದು ಸಿಕ್ಕಿದರೆ ಕೈಯನ್ನು ಹಿಂದಕ್ಕೆಳೆದುಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಅಲ್ಲಿ ಕೈಗವಸು ಕೂಡ ಶತ್ರುವೇ, ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಜೊತೆಗೆ ಸುತ್ತಿಕೊಳ್ಳುತ್ತದೆ. ದಾರವನ್ನು ಕತ್ತರಿಸಲು ಮನಸ್ಸಾಗದೆ ನಾನು ಅದರ ಮೇಲೆ ಕಾಟನ್ ಅಂಗಿಯ ತೋಳನ್ನು ಎಳೆದು ಗುಂಡಿ ಹಾಕುತ್ತೇನೆ. ಪಾಲಿಯೆಸ್ಟರ್ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಲುಂಗಿಯ ಬಗ್ಗೆ ಹೇಳುವುದೇನೂ ಇಲ್ಲ.

ಗ್ರೈಂಡರಿನಲ್ಲೂ ತಡವಾಗಿ ಬರುವುದು ಒಂದಿದೆ, ಅದರ ಸದ್ದು. ನೂರು ಡೆಸಿಬೆಲ್ಲಿನ ಸದ್ದಿಗೆ ಕಿವಿಯನ್ನು ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಒಡ್ಡಬಾರದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಇಪ್ಪತ್ತು ರೂಪಾಯಿಯ ಸ್ಪಂಜಿನ ಬಿರಡೆಗಳನ್ನು ಹಿಂಡಿ ಕಿವಿಗಿಟ್ಟರೆ ಅದಕ್ಕೆ ಸಾಕು. ಇದು ನನಗೆ ಹೊಳೆದದ್ದು ಓದಿನಿಂದಲ್ಲ. ಮೇಸ್ತ್ರಿಗಳು ಮಾತಾಡುವಾಗ ಯಾವಾಗಲೂ ತಲೆಯನ್ನು ಓರೆ ಮಾಡಿ ಬಲಗಿವಿಯನ್ನು ಮುಂದಕ್ಕೆ ತರುತ್ತಾರೆ. ಅದು ಅವರ ಗತ್ತು ಎಂದು ಐದು ವರ್ಷ ಅಂದುಕೊಂಡಿದ್ದೆ.

ಕಳೆದ ತಿಂಗಳು ಅವರಿಗೆ ನಾಲ್ಕು ಎನ್95 ಮಾಸ್ಕುಗಳನ್ನೂ ಕಿವಿಯ ಬಿರಡೆಗಳ ಒಂದು ಪೊಟ್ಟಣವನ್ನೂ ಕೊಟ್ಟು ಬಂದೆ. ನನ್ನೆದುರಿಗೇ ಒಂದು ಮಾಸ್ಕು ಹಾಕಿಕೊಂಡು ಎರಡು ರಾಡು ಮುಗಿಸಿ, 'ಉಸಿರು ಕಟ್ತದೆ ಸಾರ್, ಮೂವತ್ತೈದು ವರ್ಷ ಆಯ್ತು, ಇನ್ನೇನು' ಎಂದು ತೆಗೆದು ಹೋಲ್ಡರಿನ ಮೊಳೆಗೆ ತಗುಲಿಸಿದರು. ನಾನು ವಾದಿಸಲಿಲ್ಲ. ಮೊನ್ನೆ ಎಂಎಸ್ ಪೈಪು ಕತ್ತರಿಸಿಕೊಂಡು ಬರಲು ಹೋದಾಗ ಮೊಳೆ ಖಾಲಿಯಿತ್ತು. ಕೆಲಸ ಕಲಿಯಲು ಹೊಸದಾಗಿ ಸೇರಿರುವ, ಇನ್ನೂ ಮೀಸೆ ಬಲಿಯದ ಯುವಕ ಒಳಗಿನಿಂದ ಬಂದ; ಮಾಸ್ಕು ಅವನ ಮುಖದ ಮೇಲಿತ್ತು. 'ನಾನೇ ಹಾಕ್ಸಿದೀನಿ' ಎಂದರು ಮೇಸ್ತ್ರಿಗಳು, ನನ್ನ ಕಡೆ ನೋಡದೆ. ಮೂಗಿನ ಮೇಲಿನ ತಂತಿಯನ್ನು ಅವನು ಒತ್ತಿಕೊಂಡಿರಲಿಲ್ಲ, ಎರಡೂ ಪಕ್ಕದಲ್ಲಿ ಬೆರಳು ತೂರುವಷ್ಟು ಸಂದಿತ್ತು. ಹತ್ತಿರ ಕರೆದು ತಂತಿಯನ್ನು ಬಾಗಿಸಿ ಕೂರಿಸಿ, ಕೆಳಗಿನ ರಬ್ಬರನ್ನು ಕತ್ತಿನ ಹಿಂದಕ್ಕೆ ಎಳೆದೆ. ಜೋರಾಗಿ ಉಸಿರು ಬಿಡು ಎಂದೆ. ಬಿಟ್ಟ. ಅವನ ಕನ್ನಡಕ ಮಂಜಾಗಲಿಲ್ಲ.